ಪರ್ಲ್ ಸ್ಕ್ರಿಪ್ಟ್‌ನಿಂದ ಎಫ್‌ಟಿಪಿ: ಲಾಗಿನ್ ಆಗುತ್ತದೆ, ಫೈಲ್ ಮಾತ್ರ ಸೊನ್ನೆ ಬೈಟ್

ಗೊರಬಲು, ತೀರ್ಥಹಳ್ಳಿ

ನಮಸ್ಕಾರ. ಪರ್ಲ್ ಭಾಷೆ ಗೊತ್ತಿರುವವರು ಇಲ್ಲಿ ಇನ್ನೂ ಇದ್ದೀರಿ ಅಂದುಕೊಂಡು ಕೇಳುತ್ತಿದ್ದೇನೆ.

ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ, ಕಂಪ್ಯೂಟರ್ ಎರಡೂ ನನ್ನ ತಲೆ ಮೇಲೆ. ದಿನಾ ಸಂಜೆ ಇಲ್ಲಿಂದ ಶಿವಮೊಗ್ಗದ ಮುಖ್ಯ ಆಫೀಸಿಗೆ ಎರಡು ಫೈಲ್ ಹೋಗಬೇಕು. ಒಂದು ಸಿಎಸ್‌ವಿ. ಆವತ್ತು ಬಂದ ಸರಕು, ಬೆಟ್ಟೆ, ರಾಶಿ, ಗೊರಬಲು ಲಾಟುಗಳು, ಅವುಗಳ ತೂಕ, ದರ ಎಲ್ಲ ಅದರಲ್ಲಿ ಇರುತ್ತವೆ. ಇನ್ನೊಂದು ಜಿಪ್. ಬಿಲ್ಲುಗಳ ಸ್ಕ್ಯಾನು, ಲಾಟಿನ ಫೋಟೋಗಳು.

ಇದಕ್ಕೊಂದು ಪರ್ಲ್ ಸ್ಕ್ರಿಪ್ಟ್ ಇದೆ. ಬರೆದವರು ಈಗ ಬೆಂಗಳೂರಲ್ಲಿದ್ದಾರೆ. ಫೋನ್ ಮಾಡಿದರೆ 'ಅದು ಯಾವ ಕಾಲದ್ದು ಮಾರಾಯ, ನನಗೆ ನೆನಪೇ ಇಲ್ಲ' ಅನ್ನುತ್ತಾರೆ. ಎಫ್‌ಟಿಪಿಯಲ್ಲಿ (ನೆಟ್‌ವರ್ಕ್ ಮೇಲೆ ಫೈಲ್ ಕಳಿಸುವ ಹಳೇ ಪದ್ಧತಿ) ಕಳಿಸಲು ಪರ್ಲ್‌ನ ನೆಟ್ ಎಫ್‌ಟಿಪಿ ಮಾಡ್ಯೂಲ್ ಬಳಸಿದ್ದಾರೆ. ಉಬುಂಟು ಮಶೀನು, ಸಂಜೆ ಏಳಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ತಾನಾಗಿ ಪ್ರೋಗ್ರಾಂ ಶುರು ಮಾಡುವ ಸೌಲಭ್ಯ) ಅದನ್ನು ಓಡಿಸುತ್ತದೆ. ಇಷ್ಟು ವರ್ಷ ತಾನಾಗಿ ನಡೆದುಕೊಂಡು ಬಂದಿತ್ತು, ಯಾರೂ ಅದನ್ನು ತೆರೆದು ನೋಡಿರಲಿಲ್ಲ.

ಈ ಮಳೆಗಾಲದಲ್ಲಿ ಮುಖ್ಯ ಆಫೀಸಿನವರು ಹಳೇ ಇಂಟರ್ನೆಟ್ ತೆಗೆಸಿ ಫೈಬರ್ ಹಾಕಿಸಿಕೊಂಡರು. ಅಲ್ಲಿಂದ ಶುರು ನೋಡಿ ಗೋಳು.

ಲಾಗಿನ್ ಆಗುತ್ತದೆ. ಅಲ್ಲಿನ ಸರ್ವರ್‌ನಲ್ಲಿ ಫೈಲಿನ ಹೆಸರೂ ಕಾಣಿಸುತ್ತದೆ. ಆದರೆ ಸೈಜು ಸೊನ್ನೆ. ಸಿಎಸ್‌ವಿಯೂ ಅಷ್ಟೇ, ಜಿಪ್ಪೂ ಅಷ್ಟೇ. ಸ್ಕ್ರಿಪ್ಟ್ ಮಾತ್ರ ತನ್ನ ಲಾಗ್‌ನಲ್ಲಿ ದಿನಾ 'ಕಳಿಸಿ ಆಯ್ತು' ಅಂತ ಬರೆಯುತ್ತದೆ. ಅದೇ ಮಶೀನಿನಲ್ಲಿ, ಅದೇ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಫೈಲ್‌ಜಿಲ್ಲಾ ಅನ್ನುವ ಎಫ್‌ಟಿಪಿ ಪ್ರೋಗ್ರಾಮಿನಿಂದ ಕಳಿಸಿದರೆ ಎರಡೂ ಸಲೀಸಾಗಿ ಹೋಗುತ್ತವೆ! ಹಾಗಾಗಿ ಸದ್ಯಕ್ಕೆ ಕೈಯಲ್ಲೇ ಕಳಿಸುತ್ತಿದ್ದೇನೆ. ನಾನು ರಜೆ ಹಾಕಿದರೆ ಮರುದಿನ ಬೆಳಿಗ್ಗೆ ಯಜಮಾನರ ಫೋನ್ ಬರುತ್ತದೆ.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ನೀವೇ ಹೇಳಬೇಕು. ಫೈಬರ್ ಬರುವ ಮುಂಚೆಯೂ ಅಪರೂಪಕ್ಕೆ ಜಿಪ್ ಪೂರ್ತಿ ಹೋದಂತೆ ಕಂಡರೂ ಅಲ್ಲಿ ತೆರೆಯುತ್ತಿರಲಿಲ್ಲ. ಗಾಳಿಮಳೆಗೆ ಲೈನ್ ಹೋಗಿ ಬಂದು ಮಾಡುವ ದಿನಗಳಲ್ಲಿ ಜಾಸ್ತಿ. ಸಿಎಸ್‌ವಿಗೆ ಹಾಗೆ ಆದದ್ದು ನೆನಪಿಲ್ಲ.

ಪಾಸ್‌ವರ್ಡ್ ಬದಲಾಯಿಸಿ ನೋಡಿದೆ, ಇಲ್ಲಿನ ಫೈರ್‌ವಾಲ್ ಆಫ್ ಮಾಡಿ ನೋಡಿದೆ. ಆಫೀಸಿನ ಹುಡುಗನೊಬ್ಬ 'ಪರ್ಲ್ ಸತ್ತು ಹೋಗಿದೆ ಅಣ್ಣ, ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಕೊಡ್ತೇನೆ' ಅಂತಿದ್ದಾನೆ. ಬರೆಸಲಾ? ಅಥವಾ ಇದನ್ನೇ ಸರಿ ಮಾಡಬಹುದಾ?

ಹಳೇ ಮೋಡೆಮ್, ಶಿವಮೊಗ್ಗ

ಬರೆಸುವ ಮುಂಚೆ ಸ್ವಲ್ಪ ತಡೆಯಿರಿ. ಏನು ಕೆಟ್ಟಿದೆ ಅಂತ ಗೊತ್ತಾಗದೆ ಭಾಷೆ ಬದಲಾಯಿಸಿ ಪ್ರಯೋಜನ ಇಲ್ಲ.

ಮೊದಲನೆಯದಾಗಿ ಆ 'ಕಳಿಸಿ ಆಯ್ತು' ಅನ್ನುವುದನ್ನು ನಂಬಲೇಬೇಡಿ. ಅದು ಪುಟ್ (ಫೈಲ್ ಕಳಿಸುವ ಆಜ್ಞೆ) ಸಾಲಿನ ಕೆಳಗೆ ಯಾರೋ ಬರೆದಿಟ್ಟ ಒಂದು ಪ್ರಿಂಟ್, ಅಷ್ಟೇ. ನೆಟ್ ಎಫ್‌ಟಿಪಿಯ ಸ್ವಭಾವ ಏನೆಂದರೆ ಕೆಲಸ ಕೆಟ್ಟರೂ ಅದು ಪ್ರೋಗ್ರಾಮನ್ನು ನಿಲ್ಲಿಸುವುದಿಲ್ಲ. ಪುಟ್ ಸರಿಯಾದರೆ ಆ ಕಡೆಯ ಫೈಲ್ ಹೆಸರನ್ನು ವಾಪಸ್ ಕೊಡುತ್ತದೆ, ಕೆಟ್ಟರೆ ಖಾಲಿ ಕೊಡುತ್ತದೆ. ಅದನ್ನು ನೋಡುವುದು ನಮ್ಮ ಕೆಲಸ. ನೋಡದಿದ್ದರೆ ಸ್ಕ್ರಿಪ್ಟ್ ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ. ಹಾಗಾಗಿ ಲಾಗಿನ್, ಸಿಡಬ್ಲ್ಯುಡಿ (ಡೈರೆಕ್ಟರಿ ಬದಲಿಸುವುದು), ಬೈನರಿ (ಬೈಟ್‌ಗಳನ್ನು ಇದ್ದ ಹಾಗೇ ಕಳಿಸುವ ಮೋಡ್), ಪುಟ್, ಪ್ರತಿಯೊಂದರ ಕೊನೆಗೂ 'ಆರ್ ಡೈ' (ಕೆಟ್ಟರೆ ಅಲ್ಲೇ ನಿಲ್ಲು) ಹಾಕಿ ಎಫ್‌ಟಿಪಿ ಆಬ್ಜೆಕ್ಟ್‌ನ ಕೋಡ್ ಮತ್ತು ಮೆಸೇಜ್ ಎರಡನ್ನೂ ಪ್ರಿಂಟ್ ಮಾಡಿಸಿ. ಕನೆಕ್ಷನ್ ತೆರೆಯುವ ನ್ಯೂ ಒಂದಕ್ಕೆ ಮಾತ್ರ ಬೇರೆ ಲೆಕ್ಕ. ಕನೆಕ್ಷನ್ನೇ ಆಗದಿದ್ದರೆ ಆಬ್ಜೆಕ್ಟೇ ಹುಟ್ಟಿರುವುದಿಲ್ಲ, ಮೆಸೇಜ್ ಯಾರನ್ನು ಕೇಳುತ್ತೀರಿ? ಅಲ್ಲಿ ಕಾರಣ ಸಿಗುವುದು ಡಾಲರ್-ಅಟ್ ($@) ವೇರಿಯಬಲ್‌ನಲ್ಲಿ.

ಎರಡನೆಯದು, ನ್ಯೂ ಕರೆಯುವಾಗ ಡೀಬಗ್‌ಗೆ 1 ಕೊಡಿ. ನಾವು ಕಳಿಸಿದ ಪ್ರತಿ ಆಜ್ಞೆ, ಸರ್ವರ್ ಕೊಟ್ಟ ಪ್ರತಿ ಉತ್ತರ ಸ್ಟ್ಯಾಂಡರ್ಡ್ ಎರರ್‌ಗೆ ಬೀಳುತ್ತದೆ. ಕ್ರಾನ್ ಸಾಲಿನ ಕೊನೆಗೆ >> ಹಾಕಿ ಲಾಗ್ ಫೈಲಿನ ಹೆಸರು ಕೊಟ್ಟು, ಅದರ ನಂತರ 2>&1 ಹಾಕಿದರೆ ಎಲ್ಲ ಒಂದೇ ಕಡೆ ಸಿಗುತ್ತದೆ. ಪಾಸ್‌ವರ್ಡ್ ಹೊರಗೆ ಬರುತ್ತದೆ ಅಂತ ಹೆದರಬೇಡಿ, ಆ ಸಾಲಿನಲ್ಲಿ ಮಾಡ್ಯೂಲ್ ಬರೀ ಚುಕ್ಕಿ ಹಾಕುತ್ತದೆ. ಯೂಸರ್‌ನೇಮ್ ಮತ್ತು ಪಬ್ಲಿಕ್ ಐಪಿಯನ್ನು ಮಾತ್ರ ಅಳಿಸಿ ಇಲ್ಲಿ ಹಾಕಿ.

ಲಾಗ್ ಬಂದ ಮೇಲೆ ನೋಡಬೇಕಾದ್ದು ಮೂರಂಕಿಯ ಕೋಡುಗಳನ್ನು. 530 ಅಂದರೆ ಲಾಗಿನ್ ತಪ್ಪು. 550 ಅಂದರೆ ಫೈಲ್ ಸಿಗಲಿಲ್ಲ ಅಥವಾ ಅನುಮತಿ ಇಲ್ಲ, 553 ಅಂದರೆ ಆ ಹೆಸರಿನಲ್ಲಿ ಬರೆಯಲು ಬಿಡುವುದಿಲ್ಲ, 452 ಅಥವಾ 552 ಬಂದರೆ ಆ ಕಡೆ ಜಾಗ ತುಂಬಿದೆ. 425 ಅಂದರೆ ಡೇಟಾ ಕನೆಕ್ಷನ್ ಆಗಲೇ ಇಲ್ಲ, 426 ಅಂದರೆ ಆಗಿ ನಡುವೆ ಕಡಿಯಿತು. 4ರಿಂದ ಶುರುವಾದರೆ ಮತ್ತೆ ಪ್ರಯತ್ನಿಸಬಹುದು, 5ರಿಂದ ಶುರುವಾದರೆ ಏನನ್ನೂ ಬದಲಾಯಿಸದೆ ಮತ್ತೆ ಮತ್ತೆ ಓಡಿಸಿ ಉಪಯೋಗ ಇಲ್ಲ.

ನನ್ನ ಊಹೆ 425. ಆದರೆ ಲಾಗ್ ಬರಲಿ.

ಕೊಪ್ಪದ ಕೋಡು

ಬೈನರಿ ಹಾಕಿಲ್ಲ ಅನ್ನಿಸುತ್ತದೆ. ನೆಟ್ ಎಫ್‌ಟಿಪಿ ತಾನಾಗಿ ಆಸ್ಕಿ ಮೋಡ್‌ನಲ್ಲಿ (ಬರೀ ಅಕ್ಷರದ ಫೈಲಿಗಾಗಿ, ಸಾಲಿನ ಕೊನೆಯನ್ನು ಬದಲಿಸುವ ಮೋಡ್) ಇರುತ್ತದೆ, ಜಿಪ್ ಹಾಳಾಗುವುದು ಅದಕ್ಕೇ. ಲಾಗಿನ್ ಆದ ತಕ್ಷಣ ಬೈನರಿ ಮೆಥಡ್ ಕರೆಯಿರಿ.

ಹಳೇ ಮೋಡೆಮ್, ಶಿವಮೊಗ್ಗ

ಆಸ್ಕಿ ಮೋಡ್‌ನಿಂದ ಫೈಲ್ ಕೆಡುತ್ತದೆ, ಸೊನ್ನೆ ಆಗುವುದಿಲ್ಲ ಸಾರ್. ಸಿಎಸ್‌ವಿಯೂ ಸೊನ್ನೆ ಅಂದಿದ್ದಾರಲ್ಲ. ಇಲ್ಲಿ ಎರಡು ರೋಗ ಇದ್ದ ಹಾಗಿದೆ.

ಗೊರಬಲು, ತೀರ್ಥಹಳ್ಳಿ

ಬೈನರಿ ಸಾಲು ಸ್ಕ್ರಿಪ್ಟ್‌ನಲ್ಲಿ ಇದೆ ಸಾರ್, ಲಾಗಿನ್ ಕೆಳಗೇ ಇದೆ.

ಡೀಬಗ್ ಹಾಕಿ ಓಡಿಸಿದೆ. ಮುಖ್ಯವಾದ ಸಾಲುಗಳು ಹೀಗಿವೆ, ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿದ್ದೇನೆ:

230 ಲಾಗಿನ್ ಸಕ್ಸೆಸ್‌ಫುಲ್
ಟೈಪ್ ಐ
200 ಸ್ವಿಚಿಂಗ್ ಟು ಬೈನರಿ ಮೋಡ್
ಪಿಎಎಸ್‌ವಿ
227 ಎಂಟರಿಂಗ್ ಪ್ಯಾಸಿವ್ ಮೋಡ್ (192,168,1,20,195,149)
ಎಸ್‌ಟಿಒಆರ್, ಮುಂದೆ ಫೈಲ್ ಹೆಸರು
(ಇಲ್ಲಿ ಸುಮಾರು ಒಂದು ನಿಮಿಷ ಏನೂ ಇಲ್ಲ)
425 ಫೇಲ್ಡ್ ಟು ಎಸ್ಟಾಬ್ಲಿಷ್ ಕನೆಕ್ಷನ್

ನೀವು ಹೇಳಿದ 425 ಬಂತು! ಅಲ್ಲಿನ ಸರ್ವರ್ ಲಿನಕ್ಸ್, ಅದರಲ್ಲಿನ ಎಫ್‌ಟಿಪಿ ಪ್ರೋಗ್ರಾಂ ವಿಎಸ್‌ಎಫ್‌ಟಿಪಿಡಿ. ಪೋರ್ಟ್‌ಗಳ ಬಗ್ಗೆ ಕೇಳಿದರೆ '21 ಮತ್ತು 50000ದಿಂದ 50100ರವರೆಗೆ ಹೊಸ ರೂಟರ್‌ನಲ್ಲಿ ಫಾರ್ವರ್ಡ್ ಮಾಡಿದ್ದೇವೆ, ನಮ್ಮ ಕಡೆ ತೊಂದರೆ ಇಲ್ಲ' ಅಂದರು. ಮುಂಚೆ ರೂಟರ್ ಇರಲಿಲ್ಲವಂತೆ. ಸರ್ವರ್ ಮಶೀನೇ ನೇರವಾಗಿ ಡಯಲ್ ಮಾಡಿ ಇಂಟರ್ನೆಟ್ ತೆಗೆದುಕೊಳ್ಳುತ್ತಿತ್ತಂತೆ.

ಒಂದು ತಮಾಷೆ ಅಂದರೆ ನಮ್ಮ ಇಲ್ಲಿನ ಆಫೀಸಿನಲ್ಲಿ 192.168.1.20 ಅಂದರೆ ಬಿಲ್ ಪ್ರಿಂಟರ್.

ಹಳೇ ಮೋಡೆಮ್, ಶಿವಮೊಗ್ಗ

ತಮಾಷೆ ಅಲ್ಲ ಮಾರಾಯ್ರೆ, ಅದೇ ಉತ್ತರ! ನಿಮ್ಮ ಸ್ಕ್ರಿಪ್ಟ್ ದಿನಾ ಸಂಜೆ ಏಳಕ್ಕೆ ಅಡಿಕೆ ಲೆಕ್ಕವನ್ನು ಆ ಪ್ರಿಂಟರಿಗೆ ಕೊಡಲು ಹೋಗುತ್ತಿತ್ತು.

ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ತೊಂದರೆ ಬೇರೆ ಬೇರೆ ವೇಷದಲ್ಲಿ ಎಲ್ಲರಿಗೂ ಬರುತ್ತದೆ. ಎಫ್‌ಟಿಪಿಗೆ ಎರಡು ಕನೆಕ್ಷನ್ ಬೇಕು. 21ನೇ ಪೋರ್ಟ್‌ನಲ್ಲಿ ನಡೆಯುವುದು ಮಾತುಕತೆ ಮಾತ್ರ. ಫೈಲ್ ಹೋಗುವುದು, ಅಷ್ಟೇ ಯಾಕೆ, ಡೈರೆಕ್ಟರಿಯ ಪಟ್ಟಿ ಬರುವುದು ಕೂಡ ಪ್ರತಿ ಸಲ ಹೊಸದಾಗಿ ತೆರೆಯುವ ಇನ್ನೊಂದು ಕನೆಕ್ಷನ್‌ನಲ್ಲಿ. ಆಕ್ಟಿವ್ ಮೋಡ್ ಆದರೆ ಸರ್ವರ್ ನಮ್ಮ ಹತ್ತಿರ ಬರುತ್ತದೆ. ಪ್ಯಾಸಿವ್ ಆದರೆ 'ಈ ವಿಳಾಸಕ್ಕೆ, ಈ ಪೋರ್ಟ್‌ಗೆ ಬಾ' ಅಂತ ಅದು ಹೇಳುತ್ತದೆ, ನಾವು ಹೋಗಬೇಕು. 227 ಸಾಲಿನ ಆರು ಅಂಕಿಗಳು ಅದೇ. ಮೊದಲ ನಾಲ್ಕು ಐಪಿ ವಿಳಾಸ. ಐದನೆಯದನ್ನು 256ರಿಂದ ಗುಣಿಸಿ ಆರನೆಯದನ್ನು ಕೂಡಿಸಿದರೆ ಪೋರ್ಟ್. ನಿಮ್ಮದರಲ್ಲಿ 195ನ್ನು 256ರಿಂದ ಗುಣಿಸಿ 149 ಕೂಡಿಸಿದರೆ 50069. ಪೋರ್ಟ್ ಸರಿ ಇದೆ, ಅವರು ತೆರೆದಿಟ್ಟ ಸಾಲಿನ ಒಳಗೇ ಇದೆ. ತಪ್ಪಿರುವುದು ವಿಳಾಸ. 192.168 ಅನ್ನುವುದು ಅವರ ಆಫೀಸಿನ ಗೋಡೆಯೊಳಗೆ ಮಾತ್ರ ನಡೆಯುವ ನಂಬರು.

ಫೋನಿನಲ್ಲಿ ವ್ಯಾಪಾರ ಮುಗಿಸಿ, ಲಾರಿಯವನಿಗೆ 'ನಮ್ಮ ಬೀದಿಯ ಮೂರನೇ ಗೋಡೌನಿಗೆ ಮಾಲು ಇಳಿಸು' ಅಂದ ಹಾಗಾಯ್ತು ಇದು. ಯಾವ ಊರಿನ ಬೀದಿ ಅಂತ ಹೇಳಲಿಲ್ಲ. ಲಾರಿಯವನು ತೀರ್ಥಹಳ್ಳಿಯಲ್ಲೇ ಮೂರನೇ ಗೋಡೌನ್ ಹುಡುಕಿಕೊಂಡು ಹೋದ.

ಮುಂಚೆ ಸರ್ವರ್ ಮಶೀನೇ ಡಯಲ್ ಮಾಡುತ್ತಿದ್ದಾಗ ಪಬ್ಲಿಕ್ ಐಪಿ ಅದರ ಮೈಮೇಲೇ ಇತ್ತು, ಅದನ್ನೇ 227ರಲ್ಲಿ ಹೇಳುತ್ತಿತ್ತು. ಈಗ ಆ ಐಪಿ ರೂಟರ್ ಹತ್ತಿರ ಇದೆ. ವಿಎಸ್‌ಎಫ್‌ಟಿಪಿಡಿಗೆ ಯಾರೂ ಬೇರೆ ಹೇಳದಿದ್ದರೆ ತನಗೆ ಗೊತ್ತಿರುವ ವಿಳಾಸವನ್ನೇ ಹೇಳುತ್ತದೆ. ಎಫ್‌ಟಿಪಿಯ ಈಗಿನ ನಿಯಮ ಬರೆದದ್ದು 1985ರಲ್ಲಿ, ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 959. ಆಗ ನ್ಯಾಟ್ (ರೂಟರ್‌ನ ಒಂದೇ ಪಬ್ಲಿಕ್ ಐಪಿಯನ್ನು ಒಳಗಿನ ಮಶೀನುಗಳು ಹಂಚಿಕೊಳ್ಳುವ ವ್ಯವಸ್ಥೆ) ಅನ್ನುವುದೇ ಇರಲಿಲ್ಲ, ಯಾರ ವಿಳಾಸ ಅವರ ಹತ್ತಿರವೇ ಇರುತ್ತಿತ್ತು.

ಸೊನ್ನೆ ಬೈಟ್ ಯಾಕೆ ಅಂದರೆ ಎಸ್‌ಟಿಒಆರ್ (ಫೈಲ್ ಇಟ್ಟುಕೋ ಅನ್ನುವ ಆಜ್ಞೆ) ಬಂದ ಕೂಡಲೇ ವಿಎಸ್‌ಎಫ್‌ಟಿಪಿಡಿ ಮೊದಲು ಫೈಲ್ ಸೃಷ್ಟಿಸಿ, ಆಮೇಲೆ ನಿಮ್ಮ ಡೇಟಾ ಕನೆಕ್ಷನ್‌ಗೆ ಕಾಯುತ್ತದೆ. ಕಾಯುವ ಅವಧಿ, ಯಾರೂ ಬದಲಾಯಿಸದಿದ್ದರೆ, 60 ಸೆಕೆಂಡ್. ನಿಮ್ಮ ಲಾಗ್‌ನಲ್ಲಿ ಏನೂ ಇಲ್ಲದ ಆ ಒಂದು ನಿಮಿಷ ಅದೇ. ಯಾರೂ ಬರಲಿಲ್ಲ, 425 ಅಂದಿತು, ಖಾಲಿ ಫೈಲ್ ಅಲ್ಲೇ ಉಳಿಯಿತು.

ಫೈಲ್‌ಜಿಲ್ಲಾ ಹೇಗೆ ಕಳಿಸಿತು? ಅದು 227ರಲ್ಲಿ ಒಳಗಿನ ವಿಳಾಸ ಕಂಡರೆ ಅದನ್ನು ಬದಿಗಿಟ್ಟು, ತಾನು ಲಾಗಿನ್ ಆದ ಸರ್ವರ್ ವಿಳಾಸವನ್ನೇ ಬಳಸುತ್ತದೆ. ಅದರ ಮೇಲಿನ ಕಿಟಕಿಯಲ್ಲಿ ಓಡುವ ಸಾಲುಗಳಲ್ಲಿ ಹಾಗಂತ ಬರೆಯುತ್ತದೆ ಕೂಡ, ಯಾರು ಓದುತ್ತಾರೆ ಹೇಳಿ. ನೆಟ್ ಎಫ್‌ಟಿಪಿ ಅಷ್ಟು ಜಾಣತನ ತೋರಿಸುವುದಿಲ್ಲ, ಹೇಳಿದ ವಿಳಾಸಕ್ಕೇ ಹೋಗುತ್ತದೆ.

ಪರಿಹಾರ ಶಿವಮೊಗ್ಗದ ಕಡೆ ಆಗಬೇಕು. ವಿಎಸ್‌ಎಫ್‌ಟಿಪಿಡಿಯ ಕಾನ್ಫಿಗ್ ಫೈಲಿನಲ್ಲಿ 'ಪಿಎಎಸ್‌ವಿ ಅಂಡರ್‌ಸ್ಕೋರ್ ಅಡ್ರೆಸ್' ಅನ್ನುವ ಸೆಟ್ಟಿಂಗ್‌ಗೆ ಪಬ್ಲಿಕ್ ಐಪಿ ಕೊಡಬೇಕು. ಮಿನ್ ಪೋರ್ಟ್, ಮ್ಯಾಕ್ಸ್ ಪೋರ್ಟ್ ಈಗಾಗಲೇ ಇದೆ. ಅವರ ಐಪಿ ಆಗಾಗ ಬದಲಾಗುವುದಾದರೆ ಅಲ್ಲಿ ಹೋಸ್ಟ್‌ನೇಮ್ ಹಾಕಿ, 'ಪಿಎಎಸ್‌ವಿ ಆಡರ್ ರಿಸಾಲ್ವ್' ಎಸ್ ಮಾಡಬಹುದು. ಆದರೆ ಅದು ಹೆಸರನ್ನು ಹುಡುಕುವುದು ಶುರುವಾಗುವಾಗ ಮಾತ್ರ. ಐಪಿ ಬದಲಾದಾಗ ಸರ್ವಿಸನ್ನು ರೀಸ್ಟಾರ್ಟ್ ಮಾಡಬೇಕು. ಪ್ರೊಎಫ್‌ಟಿಪಿಡಿ ಅನ್ನುವ ಇನ್ನೊಂದು ಎಫ್‌ಟಿಪಿ ಸರ್ವರ್ ಆಗಿದ್ದರೆ ಇದೇ ಕೆಲಸಕ್ಕೆ ಮಾಸ್ಕರೇಡ್ ಅಡ್ರೆಸ್ ಅಂತ ಇದೆ.

ಪರ್ಲ್ ಕಡೆಯಲ್ಲೇ ಸರಿ ಮಾಡಲು ದಾರಿ ಇಲ್ಲ ಅಂತಲ್ಲ. ನೆಟ್ ಎಫ್‌ಟಿಪಿಯಿಂದ ಒಂದು ಮರಿ ಕ್ಲಾಸ್ ಮಾಡಿ, ಅದರ ಪಿಎಎಸ್‌ವಿ ಮೆಥಡ್ ಬದಲಿಸಿ, ಬಂದ ಐಪಿಯ ಜಾಗದಲ್ಲಿ ಸರ್ವರ್‌ನ ಪೀರ್‌ಹೋಸ್ಟ್ (ನಾವು ಲಾಗಿನ್ ಆದ ವಿಳಾಸ) ಕೂರಿಸಬಹುದು. ಆದರೆ ಅದು ಮಾಡ್ಯೂಲ್‌ನ ಹೊಟ್ಟೆಗೆ ಕೈ ಹಾಕುವ ಕೆಲಸ, ಮುಂದಿನ ಅಪ್‌ಡೇಟ್‌ಗೆ ಒಡೆದರೆ ಮತ್ತೆ ನೀವೇ ಬಲಿ. ಇನ್ನು ಪ್ಯಾಸಿವ್‌ಗೆ 0 ಕೊಟ್ಟು ಆಕ್ಟಿವ್ ಮಾಡುವ ಯೋಚನೆ ಬೇಡವೇ ಬೇಡ. ಸರ್ವರ್ ನಿಮ್ಮ ಆಫೀಸಿನ ರೂಟರ್ ದಾಟಿ ಒಳಗೆ ಬರಬೇಕಾಗುತ್ತದೆ. ಡಾಂಗಲ್‌ನಲ್ಲಿ ಇದ್ದರಂತೂ ಮೊಬೈಲ್ ಕಂಪನಿಯ ನ್ಯಾಟ್ ಬೇರೆ ನಡುವೆ ಕೂತಿರುತ್ತದೆ.

ತುಂಗೆ ದಡ, ಶೃಂಗೇರಿ

ಒಂದು ಸೇರಿಸುತ್ತೇನೆ. ಆ ಹುಡುಗ ಪೈಥಾನ್‌ನಲ್ಲಿ ಬರೆದು ಕೊಟ್ಟಿದ್ದರೆ ಅದು ಓಡುತ್ತಿತ್ತು! ಪೈಥಾನ್‌ನ ಎಫ್‌ಟಿಪಿಲಿಬ್ ಮಾಡ್ಯೂಲ್ 2021ರಿಂದ ಈಚೆಗೆ, 3.10ರಲ್ಲಿ ಮತ್ತು ಆಗ ಬಂದ ಹಳೇ ಆವೃತ್ತಿಗಳ ತಿದ್ದುಪಡಿಗಳಲ್ಲಿ, 227ರಲ್ಲಿ ಬಂದ ಐಪಿಯನ್ನು ನಂಬುವುದನ್ನೇ ಬಿಟ್ಟಿದೆ. ಫೈಲ್ ತರಲು ಕಳಿಸಲು ಬಳಸುವ ಕರ್ಲ್ ಪ್ರೋಗ್ರಾಂ ಕೂಡ 2020ರ ಕೊನೆಗೆ 7.74ರಲ್ಲಿ ಹಾಗೇ ಮಾಡಿತು. ಕಾರಣ ಭದ್ರತೆ. ಕೆಟ್ಟ ಸರ್ವರ್ ಒಂದು 'ಈ ವಿಳಾಸಕ್ಕೆ ಹೋಗು' ಅಂತ ಹೇಳಿ ನಿಮ್ಮ ಮಶೀನಿನಿಂದಲೇ ನಿಮ್ಮ ಒಳಗಿನ ನೆಟ್‌ವರ್ಕ್ ತಡಕಾಡಿಸಬಹುದು. ಇಲ್ಲಿ ಪ್ರಿಂಟರ್ ಬಾಗಿಲು ತಟ್ಟಿದ್ದು ಅದೇ ದಾರಿಯಲ್ಲಿ.

ಆಗ ಏನಾಗುತ್ತಿತ್ತು ಗೊತ್ತಾ? 'ನೋಡಿದ್ರಾ, ಪರ್ಲ್ ತೆಗೆದೆವು, ಸರಿಹೋಯ್ತು' ಅಂತ ಎಲ್ಲರೂ ನಂಬುತ್ತಿದ್ದರು. ಸರ್ವರ್ ತಪ್ಪು ವಿಳಾಸ ಹೇಳುವುದು ಹಾಗೇ ಉಳಿಯುತ್ತಿತ್ತು. ನಾಳೆ ಇನ್ನೊಂದು ಬ್ರಾಂಚಿನವರು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಇದೇ ಗೋಳು ಅನುಭವಿಸುತ್ತಿದ್ದರು. ಪರ್ಲ್ ಪರ ವಕಾಲತ್ತು ಅಲ್ಲ ಇದು. ಹೊಸ ಸ್ಕ್ರಿಪ್ಟ್ ಬರೆಯುವುದಾದರೆ ನಾನೂ ಪೈಥಾನ್ ಅನ್ನುತ್ತೇನೆ. ಆದರೆ ಹಳೆಯದನ್ನು ಎಸೆಯುವ ಮುಂಚೆ ಅದು ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳಬೇಕು, ಅಲ್ವಾ.

ಗೊರಬಲು, ತೀರ್ಥಹಳ್ಳಿ

ಮುಖ್ಯ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಇದರ ಲಿಂಕ್ ಕಳಿಸಿದೆ. ಮೊದಲು 'ನಮ್ಮ ಕಡೆ ಎಲ್ಲ ಸರಿ ಇದೆ' ಅಂದರು, 227 ಸಾಲಿನ ಫೋಟೋ ಕಳಿಸಿದ ಮೇಲೆ ಸುಮ್ಮನಾಗಿ ಆ ಒಂದು ಸಾಲು ಸೇರಿಸಿದರು. ಈಗ 227ರಲ್ಲಿ ಪಬ್ಲಿಕ್ ಐಪಿ ಬರುತ್ತಿದೆ, ಅದರ ನಂತರ 150 (ಕಳಿಸುವುದು ಶುರು), ಕೊನೆಗೆ 226 (ಪೂರ್ತಿ ಆಯ್ತು). ಎರಡೂ ಫೈಲ್ ಪೂರ್ತಿ ಹೋದವು! ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆರ್ ಡೈ ಎಲ್ಲ ಕಡೆ ಹಾಕಲು ಹೋದಾಗ ಸ್ಕ್ರಿಪ್ಟ್ ಮೊದಲ ಸಲ ಸರಿಯಾಗಿ ಓದಿದೆ. ಅದರಲ್ಲಿ ಮತ್ತೆ ಪ್ರಯತ್ನಿಸುವ ಲೂಪ್ ಒಂದಿದೆ. ಲೈನ್ ಕಡಿದರೆ ಸ್ವಲ್ಪ ಕಾದು ಹೊಸ ಎಫ್‌ಟಿಪಿ ಆಬ್ಜೆಕ್ಟ್ ಮಾಡಿ, ಲಾಗಿನ್ ಆಗಿ, ಪುಟ್ ಕರೆಯುತ್ತದೆ. ಆ ಲೂಪ್ ಒಳಗೆ ಆರ್ ಡೈ ಹಾಕಿದರೆ ಲೂಪೇ ನಿಂತು ಹೋಗುತ್ತದಲ್ಲ, ಅಲ್ಲಿ ಏನು ಮಾಡಲಿ?

ಕೊಪ್ಪದ ಕೋಡು

ಒಂದು ನಿಮಿಷ. ಆ ಲೂಪ್ ಒಳಗೆ ಬೈನರಿ ಇದೆಯಾ?

ಗೊರಬಲು, ತೀರ್ಥಹಳ್ಳಿ

ಇಲ್ಲ! ಮೇಲೆ ಮೊದಲ ಲಾಗಿನ್ ಹತ್ತಿರ ಮಾತ್ರ ಇದೆ.

ಕೊಪ್ಪದ ಕೋಡು

ನಾನು ಹೇಳಿದ್ದೆ ತಾನೇ :) ಜಿಪ್ ತೆರೆಯದಿರುವ ರೋಗ ಅಲ್ಲೇ ಇದೆ. ಬೈನರಿ ಅನ್ನುವುದು ಆ ಕನೆಕ್ಷನ್‌ಗೆ ಮಾತ್ರ ಸೇರಿದ್ದು. ಹೊಸ ಆಬ್ಜೆಕ್ಟ್ ಅಂದರೆ ಮತ್ತೆ ಆಸ್ಕಿ. ಲೈನ್ ಸರಿ ಇದ್ದ ದಿನ ಮೊದಲ ಸಲಕ್ಕೇ ಹೋಗುತ್ತದೆ, ಜಿಪ್ ಸರಿ ಇರುತ್ತದೆ. ಗಾಳಿಮಳೆ ದಿನ ಎರಡನೇ ಸಲಕ್ಕೆ ಹೋಗುತ್ತದೆ, ಆಸ್ಕಿಯಲ್ಲಿ. ಆಸ್ಕಿಯಲ್ಲಿ ನೆಟ್ ಎಫ್‌ಟಿಪಿ ಪ್ರತಿ ಲೈನ್‌ಫೀಡ್ (ಸಾಲು ಮುಗಿಯಿತು ಅನ್ನುವ) ಬೈಟ್‌ಗೆ ಮುಂಚೆ, ಅಲ್ಲಿ ಇಲ್ಲದಿದ್ದರೆ, ಒಂದು ಕ್ಯಾರೇಜ್ ರಿಟರ್ನ್ ಬೈಟ್ ಸೇರಿಸುತ್ತದೆ. ಆ ಕಡೆಯ ಸರ್ವರ್ ಅದನ್ನು ತೆಗೆಯಬೇಕು, ಆದರೆ ವಿಎಸ್‌ಎಫ್‌ಟಿಪಿಡಿ ಆಸ್ಕಿ ಅಪ್‌ಲೋಡನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡದಿದ್ದರೆ ಬಾಯಲ್ಲಿ 'ಆಗಲಿ' ಅಂದು ಏನೂ ಮಾಡುವುದಿಲ್ಲ. ಹಾಗಾಗಿ ಅಲ್ಲಿ ಜಿಪ್ ಇಲ್ಲಿಗಿಂತ ಸ್ವಲ್ಪ ದಪ್ಪ ಆಗಿರುತ್ತದೆ. ಕೆಟ್ಟ ಹಳೇ ಜಿಪ್ ಇದ್ದರೆ ಸೈಜು ಹೋಲಿಸಿ ನೋಡಿ. ಸಿಎಸ್‌ವಿಗೂ ಅದೇ ಆಗಿರುತ್ತದೆ, ಎಕ್ಸೆಲ್‌ಗೆ ಅದು ಲೆಕ್ಕಕ್ಕಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ.

ಕನೆಕ್ಟ್, ಲಾಗಿನ್, ಬೈನರಿ, ಸಿಡಬ್ಲ್ಯುಡಿ ನಾಲ್ಕನ್ನೂ ಒಂದೇ ಸಬ್‌ರೂಟೀನ್‌ನಲ್ಲಿ ಹಾಕಿ, ಎರಡೂ ಕಡೆ ಅದನ್ನೇ ಕರೆಯಿರಿ. ಡೈ ಒಳಗೇ ಇರಲಿ, ಲೂಪಿನಲ್ಲಿ ಇವಾಲ್ (ಒಳಗಿನ ಡೈ ಹೊರಗೆ ಹೋಗದಂತೆ ಹಿಡಿಯುವುದು) ಸುತ್ತಿದರೆ ಸಾಕು. ಕೆಟ್ಟ ಕಾರಣವನ್ನು ಲಾಗ್‌ಗೆ ಬರೆದು ಮುಂದಿನ ಸುತ್ತಿಗೆ ಹೋಗಲಿ. ಕೊನೆಯ ಸುತ್ತೂ ಕೆಟ್ಟರೆ ನಿಜವಾಗಿ ಡೈ ಆಗಲಿ.

ಮಳೆ ಲೆಕ್ಕ, ಹೊಸನಗರ

ಮುಂದೆ ಯಾರಾದರೂ ಇದೇ ಹುಡುಕಿಕೊಂಡು ಬಂದರೆ ಅಂತ ನಮ್ಮ ಕಥೆಯನ್ನೂ ಬರೆಯುತ್ತೇನೆ. ಮೇಲ್ನೋಟಕ್ಕೆ ಹೀಗೇ ಕಾಣುತ್ತದೆ, ಕಾರಣ ಬೇರೆ.

ನಮ್ಮಲ್ಲಿ 227 ಸರಿ ಇತ್ತು, 150 ಕೂಡ ಬರುತ್ತಿತ್ತು. ಸಣ್ಣ ಫೈಲ್ ಹೋಗುತ್ತಿತ್ತು, ದೊಡ್ಡದು ಮಾತ್ರ ಶುರುವಾಗಿ ಅಲ್ಲೇ ನಿಲ್ಲುತ್ತಿತ್ತು. ಎಷ್ಟು ಕಾದರೂ ಅಷ್ಟೇ. ಕೊನೆಗೆ ಗೊತ್ತಾಗಿದ್ದು ಎಮ್‌ಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್, ಆದರೆ ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲೈನಿಗೆ ಲಾಗಿನ್ ಆಗುವ ಪದ್ಧತಿ) ಡಯಲ್ ಮಾಡುವ ಫೈಬರ್‌ನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ದೊಡ್ಡ ಪ್ಯಾಕೆಟ್ ಬಂದರೆ 'ಚಿಕ್ಕದು ಕಳಿಸು' ಅಂತ ದಾರಿಯಲ್ಲಿನ ರೂಟರ್ ಐಸಿಎಮ್‌ಪಿ (ನೆಟ್‌ವರ್ಕಿನ ತೊಂದರೆ ತಿಳಿಸುವ ಸಂದೇಶ) ಮೂಲಕ ತಿಳಿಸಬೇಕು. ನಡುವೆ ಯಾರೋ ಐಸಿಎಮ್‌ಪಿಯನ್ನೇ ತಡೆದಿದ್ದರೆ ಆ ಸುದ್ದಿ ಬರುವುದೇ ಇಲ್ಲ. ನಮ್ಮ ಮಶೀನು ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತದೆ, ಅದು ಮತ್ತೆ ಮತ್ತೆ ಕಾಣೆಯಾಗುತ್ತದೆ. ಲಾಗಿನ್ ಮಾತುಕತೆ ಎಲ್ಲ ಪುಟ್ಟ ಪ್ಯಾಕೆಟ್, ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ.

ಪರೀಕ್ಷೆ ಸುಲಭ. ಲಿನಕ್ಸ್‌ನಲ್ಲಿ ಪಿಂಗ್‌ಗೆ 'ತುಂಡು ಮಾಡಬೇಡ' ಅನ್ನುವ ಆಯ್ಕೆ ಕೊಟ್ಟು ಸೈಜು 1472 ಇಡಿ. ಹೆಡರ್ 28 ಸೇರಿ 1500 ಆಗುತ್ತದೆ. ಅದು ಹೋಗದೆ, 'ಚಿಕ್ಕದು ಕಳಿಸು' ಅನ್ನುವ ಉತ್ತರವೂ ಬಾರದೆ, 1400 ಇಟ್ಟಾಗ ಹೋದರೆ ಇದೇ ರೋಗ. ರೂಟರ್‌ನಲ್ಲಿ ಎಮ್‌ಎಸ್‌ಎಸ್ ಕ್ಲ್ಯಾಂಪಿಂಗ್ (ಎರಡೂ ಕಡೆಯವರು ಮೊದಲೇ ಚಿಕ್ಕ ಪ್ಯಾಕೆಟ್ ಕಳಿಸುವಂತೆ ಮಾಡುವುದು) ಆನ್ ಮಾಡಿ, ಇಲ್ಲದಿದ್ದರೆ ಮಶೀನಿನ ಎಮ್‌ಟಿಯು ಇಳಿಸಿ. ಇಂಟರ್ನೆಟ್ ಕೊಟ್ಟವರನ್ನು ಕೇಳಿದರೆ 'ಸ್ಪೀಡ್ ಟೆಸ್ಟ್ ಚೆನ್ನಾಗಿ ಬರ್ತಿದೆಯಲ್ಲ' ಅಂದರು. ಅವರ ಹತ್ತಿರ ವಾದ ಮಾಡುವುದಕ್ಕಿಂತ ಇದು ಬೇಗ.

ಇನ್ನೊಂದು ವೇಷವೂ ಇದೆ. ಫೈಲ್ ಆ ಕಡೆ ಪೂರ್ತಿ ಇರುತ್ತದೆ, ಸ್ಕ್ರಿಪ್ಟ್ ಮಾತ್ರ 'ಕೆಟ್ಟಿತು' ಅನ್ನುತ್ತದೆ. ದೊಡ್ಡ ಫೈಲ್ ನಿಧಾನಕ್ಕೆ ಹೋಗುವಷ್ಟು ಹೊತ್ತೂ 21ನೇ ಪೋರ್ಟಿನ ಕನೆಕ್ಷನ್ ಮಾತಿಲ್ಲದೆ ಇರುತ್ತದೆ, ಇದು ಸತ್ತಿದೆ ಅಂದುಕೊಂಡು ನಡುವಿನ ನ್ಯಾಟ್ ಅದನ್ನು ಮರೆಯುತ್ತದೆ. ಆಮೇಲೆ 226 ಬರಲು ದಾರಿಯೇ ಇರುವುದಿಲ್ಲ. ಇಂಥ ಕನೆಕ್ಷನ್ನನ್ನು ಕಡಿಮೆ ಅಂದರೂ 2 ಗಂಟೆ 4 ನಿಮಿಷ ನೆನಪಿಡಬೇಕು ಅಂತ 2008ರ ಆರ್‌ಎಫ್‌ಸಿ 5382 ಹೇಳುತ್ತದೆ. ಅಗ್ಗದ ರೂಟರ್‌ಗಳು ಅದನ್ನು ಓದಿಲ್ಲ.

ಹಳೇ ಮೋಡೆಮ್, ಶಿವಮೊಗ್ಗ

ಹೊಸನಗರದವರು ಹೇಳಿದ್ದು ಸರಿ. ಅದಕ್ಕೇ 226 ಒಂದನ್ನೇ ನಂಬದೆ ಪುಟ್ ಆದ ಮೇಲೆ ಸೈಜ್ ಮೆಥಡ್ ಕರೆದು, ಇಲ್ಲಿನ ಫೈಲಿನ ಸೈಜಿನ ಜೊತೆ ಹೋಲಿಸಿ. ಬೈನರಿಯಲ್ಲಿ ಇದ್ದಾಗಲೇ ಕೇಳಬೇಕು, ಕೆಲವು ಸರ್ವರ್‌ಗಳು ಆಸ್ಕಿಯಲ್ಲಿ ಸೈಜು ಹೇಳುವುದಿಲ್ಲ.

ನಿಮ್ಮ ಹಾಗೆ ಕರೆಂಟು, ಲೈನು ಎರಡಕ್ಕೂ ಭರವಸೆ ಇಲ್ಲದ ಕಡೆ ಇನ್ನೊಂದು ಅಭ್ಯಾಸ ಒಳ್ಳೆಯದು. ಫೈಲನ್ನು ನಿಜವಾದ ಹೆಸರಿನಲ್ಲಿ ಕಳಿಸಬೇಡಿ. ಹೆಸರಿನ ಕೊನೆಗೆ 'ಪಾರ್ಟ್' ಅಂತ ಸೇರಿಸಿ ಕಳಿಸಿ, ಸೈಜು ಸರಿ ಇದ್ದರೆ ಮಾತ್ರ ರೀನೇಮ್ ಮಾಡಿ. ಆ ಕಡೆ ಫೈಲ್ ತೆಗೆದುಕೊಳ್ಳುವವರಿಗೆ ಅರ್ಧ ಜಿಪ್ ಕಣ್ಣಿಗೇ ಬೀಳುವುದಿಲ್ಲ. ಯಜಮಾನರ ಫೋನೂ ಕಡಿಮೆಯಾಗುತ್ತದೆ.

ಕ್ರಾನ್ ಬಗ್ಗೆ: ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ತಪ್ಪು ಅಂದರೆ ಹೆಚ್ಚಾಗಿ ಫೈಲ್ ದಾರಿಯ ತೊಂದರೆ. ಕ್ರಾನ್ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಶುರುವಾಗುತ್ತದೆ, ಪಾತ್ (ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿ) ಕೂಡ ಚಿಕ್ಕದು. ಎಲ್ಲ ಫೈಲಿಗೂ ಪೂರ್ತಿ ದಾರಿ ಕೊಡಿ. ನಿನ್ನೆಯದು ಇನ್ನೂ ಸಿಕ್ಕಿಕೊಂಡಿರುವಾಗ ಇವತ್ತಿನದು ಶುರುವಾಗದಂತೆ ಎಫ್‌ಲಾಕ್ ಬಳಸಿ.

ಇಷ್ಟೆಲ್ಲ ಆದ ಮೇಲೂ ನನ್ನ ಸಲಹೆ ಎಫ್‌ಟಿಪಿ ಬಿಡಿ ಅಂತಲೇ. ಪಾಸ್‌ವರ್ಡ್ ಬಟ್ಟಬಯಲಾಗಿ ಹೋಗುತ್ತದೆ, ನಿಮ್ಮ ಬಿಲ್ಲುಗಳೂ ಹಾಗೇ ಹೋಗುತ್ತವೆ. ಅಲ್ಲಿ ಲಿನಕ್ಸ್ ಇದೆ ಅಂದಮೇಲೆ ಎಸ್‌ಎಸ್‌ಎಚ್ (ಗುಟ್ಟಾಗಿ ಕನೆಕ್ಟ್ ಆಗುವ ವ್ಯವಸ್ಥೆ) ಸಾಮಾನ್ಯವಾಗಿ ಇರುತ್ತದೆ. ಫೈಲ್ ಕಳಿಸುವ ಎಸ್‌ಎಫ್‌ಟಿಪಿ ಅದರ ಮೇಲೇ ಓಡುತ್ತದೆ, 22ನೇ ಪೋರ್ಟ್ ಒಂದೇ, ಕನೆಕ್ಷನ್ ಒಂದೇ, ಈ 227 ತಲೆನೋವೇ ಇಲ್ಲ. ಪರ್ಲ್‌ನಲ್ಲಿ ನೆಟ್ ಎಸ್‌ಎಫ್‌ಟಿಪಿ ಫಾರಿನ್ ಅಂತ ಮಾಡ್ಯೂಲ್ ಇದೆ, ಮಶೀನಿನಲ್ಲಿರುವ ಎಸ್‌ಎಸ್‌ಎಚ್ಚನ್ನೇ ಬಳಸುತ್ತದೆ. ಅದರ ಪುಟ್‌ಗೆ ಅಟಾಮಿಕ್ ಆಯ್ಕೆ ಕೊಟ್ಟರೆ ಬೇರೆ ಹೆಸರಿನಲ್ಲಿ ಕಳಿಸಿ ರೀನೇಮ್ ಮಾಡುವ ಕೆಲಸ ಅದೇ ಮಾಡುತ್ತದೆ. ರೆಸ್ಯೂಮ್ ಕೊಟ್ಟರೆ ಕಡಿದಲ್ಲಿಂದ ಮುಂದುವರಿಯುತ್ತದೆ. ಆಟೋಡೈ ಆನ್ ಮಾಡಿದರೆ ಸಾಲು ಸಾಲಿಗೆ ಆರ್ ಡೈ ಬರೆಯಬೇಕಿಲ್ಲ. ಫೈಲ್ ಹೋದ ಮೇಲೂ 'ಸೆಟ್‌ಸ್ಟ್ಯಾಟ್' ಎರರ್ ಬಂದರೆ ಸಮಯ ಮತ್ತು ಪರ್ಮಿಷನ್ ಬದಲಾಯಿಸಲು ಸರ್ವರ್ ಬಿಡುತ್ತಿಲ್ಲ ಅಂತ ಅರ್ಥ. ಕಾಪಿ ಪರ್ಮ್, ಕಾಪಿ ಟೈಮ್ ಎರಡಕ್ಕೂ 0 ಕೊಡಿ.

ಗೊರಬಲು, ತೀರ್ಥಹಳ್ಳಿ

ಹಳೇ ಜಿಪ್ ಒಂದು ಸಿಕ್ಕಿತು, ಹೌದು, ಅಲ್ಲಿರುವುದು ಇಲ್ಲಿನದಕ್ಕಿಂತ ಸ್ವಲ್ಪ ದಪ್ಪ. ಕೊಪ್ಪದವರಿಗೆ ಒಂದು ಕಾಫಿ ಬಾಕಿ. ಸದ್ಯಕ್ಕೆ ಬೈನರಿ ಲೂಪ್ ಒಳಗೆ ಹಾಕಿ, ಪಾರ್ಟ್ ಹೆಸರು, ಸೈಜು ಹೋಲಿಕೆ ಎಲ್ಲ ಸೇರಿಸಿದ್ದೇನೆ. ಎಸ್‌ಎಫ್‌ಟಿಪಿಗೆ ಅವರು ಒಪ್ಪಬೇಕು, ದೀಪಾವಳಿ ಕಳೆದ ಮೇಲೆ ನೋಡೋಣ ಅಂದಿದ್ದಾರೆ.

ಕೊನೆಯದಾಗಿ ಒಂದು. ಫೋಟೋಗಳಿಗೆ ನಮ್ಮವರು ಬೆಳೆಗಾರರ ಹೆಸರನ್ನು ಕನ್ನಡದಲ್ಲೇ ಇಡುತ್ತಾರೆ. ಜಿಪ್ ಮಾಡದೆ ಒಂದೊಂದೇ ಕಳಿಸಲು ನೋಡಿದರೆ ಕೆಲವದಕ್ಕೆ 'ವೈಡ್ ಕ್ಯಾರೆಕ್ಟರ್' ಅಂತಲೂ, ಪಟ್ಟಿ ಫೈಲಿನಿಂದ ಓದಿದರೆ 'ಬ್ಯಾಡ್ ರಿಮೋಟ್ ಫೈಲ್‌ನೇಮ್' ಅಂತಲೂ ಬರುತ್ತದೆ.

ತುಂಗೆ ದಡ, ಶೃಂಗೇರಿ

ಎರಡೂ ಬೇರೆ ಬೇರೆ. ಬ್ಯಾಡ್ ರಿಮೋಟ್ ಫೈಲ್‌ನೇಮ್ ಅಂದರೆ ಪಟ್ಟಿಯಿಂದ ಓದಿದ ಸಾಲಿನ ಕೊನೆಯ ನ್ಯೂಲೈನ್ ಹಾಗೇ ಹೆಸರಿನ ಜೊತೆ ಹೋಗಿದೆ, ಪರ್ಲ್‌ನ ಚಾಂಪ್ ಆಜ್ಞೆಯಿಂದ ಅದನ್ನು ತೆಗೆಯಿರಿ. ಪಟ್ಟಿ ವಿಂಡೋಸ್‌ನಿಂದ ಬಂದದ್ದಾದರೆ ಕ್ಯಾರೇಜ್ ರಿಟರ್ನ್ ಕೂಡ ತೆಗೆಯಬೇಕು, ಚಾಂಪ್ ಅದನ್ನು ತೆಗೆಯುವುದಿಲ್ಲ. ವೈಡ್ ಕ್ಯಾರೆಕ್ಟರ್‌ಗೆ, ಹೆಸರನ್ನು ಪುಟ್‌ಗೆ ಕೊಡುವ ಮುಂಚೆ ಎನ್‌ಕೋಡ್ ಮಾಡ್ಯೂಲ್‌ನಿಂದ ಯುಟಿಎಫ್-8 ಬೈಟ್‌ಗಳಾಗಿ ಬದಲಾಯಿಸಿ. ಒಂದೇ ಸಲ ಮಾಡಿ, ಎರಡು ಸಲ ಮಾಡಿದರೆ ಆ ಕಡೆ ಹೆಸರೆಲ್ಲ ಗೀಚಿದ ಹಾಗೆ ಕಾಣುತ್ತದೆ.